ಚೆಕ್ಕುಬಂದಿ

ಪಾಂಡವಪುರದ ಸಬ್‌ರಿಜಿಸ್ಟ್ರಾರ್ ಕಚೇರಿಯೆದುರು
ನಲವತ್ತು ವರ್ಷ ನಾನು ಬರೆದದ್ದು ವಿಭಾಗಪತ್ರ:
ಪೂರ್ವಕ್ಕೆ ನಾಲೆ, ಪಶ್ಚಿಮಕ್ಕೆ ಅಣ್ಣನ ಹಿಸ್ಸೆ,
ಉತ್ತರಕ್ಕೆ ಮಾತು ಬಿಟ್ಟ ಚಿಕ್ಕಪ್ಪ.

ಆ ನಕಲುಗಳನ್ನೆಲ್ಲ ಕಾಯೋಕೆ ಅಂತ
ಮಂಡ್ಯದ ಗುತ್ತಲು ರಸ್ತೆಯಿಂದ ತಸ್ಮಿಯಾ ತಂದಳು
ಅಂಗೈಯಗಲದ ಮೂರು ಡಿಸ್ಕು.

ಮೊದಲು ಗಡಿ ಹಾಕಿದಳು. ಪರದೆ ಕೇಳಿತು:
ಇದ್ದದ್ದೆಲ್ಲ ಅಳಿಸಿಹೋಗುತ್ತೆ, ಸಮ್ಮತವೇ?
ನನ್ನ ಕೈ ತಾನಾಗಿ
ಇಂಕುಪ್ಯಾಡು ಮುಂದೆ ತಳ್ಳಿತು.

"ಮೂರನ್ನೂ ಒಂದು ಮಾಡಿದೀನಿ ಸಾರ್,
ಇನ್ಮೇಲೆ ಇದರ ಹೆಸರು ಎಂಡಿ ಸೊನ್ನೆ."
ಯಾವ ಪತ್ರ ಯಾರ ಪಾಲಿಗೆ?
"ಯಾರಿಗೂ ಪೂರ್ತಿ ಇಲ್ಲ.
ಒಂದು ಸತ್ತರೆ ಉಳಿದೆರಡು
ಲೆಕ್ಕ ಹಾಕಿ ಅದರ ಮಾತನ್ನೂ ಹೇಳ್ತವೆ.
ಎರಡು ಹೋದ್ರೆ ಮಾತ್ರ ದೇವರೇ ಗತಿ."

ಇಂಥದೊಂದು ಕರಾರು
ನನ್ನ ಕೈಲಿ ಯಾರೂ ಬರೆಸಲಿಲ್ಲ.

ಅರವತ್ಮೂರು ಪರ್ಸೆಂಟಿಗೆ ಕರೆಂಟು ಹೋಯಿತು.
ಕತ್ತಲಲ್ಲಿ ಬೆಲ್ಲದ ಟೀ ಕುಡಿದೆವು.
ಬಂದಮೇಲೆ ಅದು ಮೊದಲಿಂದ ಶುರುಮಾಡಲಿಲ್ಲ,
ಬಿಟ್ಟ ಸಾಲಿಂದಲೇ ಉತ್ತಿತು.

ಬೀಗ ಹಾಕುವಾಗ ಕೇಳಿದೆ:
ಇದರ ದಕ್ಷಿಣಕ್ಕೆ ಏನಿದೆಯಮ್ಮ?
"ಸದ್ಯಕ್ಕೆ ಖಾಲಿ ಜಾಗ ಸಾರ್.
ಅಲ್ಲಿಗೊಂದು ಯುಪಿಎಸ್ಸು ತರಿಸಿ."