ಬಗೆ

ಹಟ್ಟಿ ಕ್ಯಾಂಪಿನ ಶಾಲೆ, ನಾಲ್ಕನೆಯ ತರಗತಿ,
ಶನಿವಾರ. ಹಾಜರಿ ಮೂವತ್ತೊಂದು.
ಫೋನು ನನ್ನದು, ಮೂಲೆಯಲ್ಲಿ ಬಿರುಕು ಬಿಟ್ಟ ಗಾಜು.
ಜಾಗ ಸಾಲದೆಂದು ತಂಗಿಯ ಸೀಮಂತದ
ಹನ್ನೆರಡು ಫೋಟೊ ಅಳಿಸಿ ತಂದಿದ್ದೇನೆ.
ಅವಳಿಗೆ ಹೇಳಿಲ್ಲ.

ಸ್ಟ್ಯಾಂಡು ಅಂದರೆ ಒಂದು ಕುರ್ಚಿ, ಅದರ ಮೇಲೆ
ಕಪಾಟಿನಲ್ಲೇ ಅತಿ ದಪ್ಪದ ಪುಸ್ತಕ,
ಬೆನ್ನು ಹರಿದ ನಿಘಂಟು,
ನಿಘಂಟಿನ ಮೇಲೆ ಡಸ್ಟರು, ಡಸ್ಟರಿಗೊರಗಿ ಫೋನು.
ಕಾವಲಿಗೆ ಮೌನೇಶ.
ಅವನಿಗೆ ಇಷ್ಟದ ಪುಸ್ತಕ ಅಂತ ಯಾವುದೂ ಇಲ್ಲವಂತೆ.
"ನಾ ಬರೇ ಒತ್ತತೀನ್ರಿ" ಅಂದ.
ಒತ್ತಲಿ.

ಒಬ್ಬೊಬ್ಬರಿಗೂ ಎರಡು ನಿಮಿಷ:
ಇಷ್ಟದ ಪುಸ್ತಕ ಎತ್ತಿ ಹಿಡಿ, ಕಥೆ ಹೇಳು,
ಕೊನೆ ಮಾತ್ರ ಬಿಟ್ಟುಕೊಡಬೇಡ.

ತಾಯಪ್ಪ ದೆವ್ವದ ಕಥೆಗೆಂದು ಕರಿ ಚಾದರ ಹೊದ್ದು ಬಂದ.
ದೆವ್ವ ಕಿಟಕಿಗೆ ಬರುವ ಹೊತ್ತಿಗೆ ಸರಿಯಾಗಿ
ಗಣಿಯ ಸೈರನ್ನು.
ದೆವ್ವ ತಾನೇ ಹೆದರಿ ಚಾದರದೊಳಗೆ ಸೇರಿತು.
ಜುಲೇಖಾಳಿಗೆ ಪತ್ತೇದಾರಿಯೇ ಬೇಕು,
ಕಳ್ಳ ಯಾರೆಂದು ಮೊದಲ ಮಾತಿಗೇ ಹೇಳಿಬಿಟ್ಟಳು,
"ಗುಟ್ಟು ಹೊಟ್ಯಾಗ ನಿಲ್ಲೂದಿಲ್ರಿ ಟೀಚರ್."
ಆದೆಪ್ಪ ನಕ್ಷತ್ರಗಳ ಪುಸ್ತಕ ತಲೆಕೆಳಗಾಗಿ ಹಿಡಿದಿದ್ದ.
ತಿರುಗಿಸೋ ಅಂದರೆ
ಆಕಾಶದಾಗ ಮ್ಯಾಲೆ ಯಾವುದು, ಕೆಳಗ ಯಾವುದು
ಅಂತ ನನ್ನನ್ನೇ ಕೇಳಿದ.

ಆಮೇಲೆ ಹುಲಿಗೆಮ್ಮ. ಗೋಡೆಗಂಟಿ ನಿಲ್ಲುವ ಹುಡುಗಿ.
ಬಾಯಿ ತಪ್ಪಿ ಕೇಳಿದೆ:
ನಿನಗ ಯಾವ ಜಾತಿ ಪುಸ್ತಕ ಇಷ್ಟ?

ಕೈಯಲ್ಲಿದ್ದ ಪುಸ್ತಕ ಬೆನ್ನ ಹಿಂದೆ ಹೋಯಿತು.
ಮೊನ್ನೆಯಷ್ಟೇ ಸ್ಕಾಲರ್‌ಶಿಪ್ ಫಾರ್ಮು ತುಂಬುವಾಗ
ಇದೇ ದನಿಯಲ್ಲಿ, ಎಲ್ಲರೆದುರು,
ಇದೇ ಪದ ಹಿಡಿದು ಕೇಳಿದ್ದೆನಲ್ಲ.
ನಿಲ್ಲಿಸೆಂದು ಮೌನೇಶನಿಗೆ ಹೇಳಲು ತೋಚಲಿಲ್ಲ.
ಮೂವತ್ತೇಳು ಸೆಕೆಂಡು
ಒಂದು ಹುಡುಗಿ, ಒಂದು ಗೋಡೆ.
ಜಾಗ ಸಾಲದಿದ್ದರೂ ಅದನ್ನು ನಾನು ಅಳಿಸಿಲ್ಲ.

ತಿದ್ದಿಕೊಂಡೆ: ಯಾವ ಬಗೆ?
"ಬಗಿ ಅಂದ್ರ? ಪಲ್ಲೆದ ಹಂಗ್ರಿ?"
ಹೌದವ್ವ, ಪಲ್ಲೆದ ಹಂಗ.
ಪುಂಡಿ, ರಾಜಗಿರಿ, ಹತ್ತರಕಿ.
"ಹಂಗಾದ್ರ ನಂಗ ಪುಂಡಿಪಲ್ಲೆ ಅಂಥಾದು ಬೇಕ್ರಿ,
ಓದಿದ್ರ ಬಾಯಾಗ ನೀರು ಬರಬೇಕು,
ಕಣ್ಣಾಗೂ."

ಬೆನ್ನ ಹಿಂದಿನಿಂದ ಹೊರಬಂತು
ಬಾವಿಗೆ ಬಿದ್ದ ಆಡಿನಮರಿಯ ಕಥೆ.
ಹೇಳುತ್ತ ಹೇಳುತ್ತ ಅವಳೇ ಮೆಟ್ಟಿಲಿಳಿದಳು,
ಪಾಚಿಗೆ ಕಾಲು ಜಾರಿತು, ಇಡೀ ತರಗತಿ ಬೆಂಚು ಹಿಡಿದುಕೊಂಡಿತು.
ಎರಡು ನಿಮಿಷ ಯಾವಾಗ ದಾಟಿತೋ.
ಮರಿ ಬದುಕಿತೋ ಇಲ್ಲೋ ಹೇಳು, ಎಂದು
ತಾಯಪ್ಪ ಚಾದರದಿಂದ ತಲೆ ಹೊರಹಾಕಿ ಗಂಟುಬಿದ್ದ.
ಪುಸ್ತಕ ಅವನ ಮಡಿಲಿಗೆಸೆದು ಅಂದಳು:
"ಓದು."

ಗಂಟೆಯಾಯಿತು. ಚೀಲಗಳು ಓಡಿದವು.
ಮೌನೇಶ ಫೋನನ್ನು ಬೆಂಚಿನ ಮೇಲೆ ಬೋರಲು ಮಲಗಿಸಿ
ಅಡಿಯಲ್ಲಿದ್ದ ನಿಘಂಟು ಬಿಡಿಸಿದ.
ಬೆರಳು ಪ ದಾಟಿ, ಫ ದಾಟಿ,
ಬ ಹತ್ತಿರ ತಡವರಿಸಿತು.
"ಬಗಿ ಇಲ್ರಿ ಇದರಾಗ. ಬಗೆ ಐತಿ."
ಕಲ್ಲು ಎತ್ತಿಡುವ ಹಾಗೆ ಒಂದೊಂದೇ ಓದಿದ:
ವಿಧ. ರೀತಿ. ಮನಸ್ಸು. ಎಣಿಸು.
ನಿಂತ. ಕೆಳಗಿನದನ್ನು ಎರಡು ಸಲ ಓದಿದ:
ತೋಡು. ಸೀಳು.
"ನಮ್ಮಪ್ಪನ ಕೆಲಸಾನೂ ಇದರಾಗ ಐತ್ರಿ ಟೀಚರ್."

ಅವನಪ್ಪ ಆ ಹೊತ್ತಿಗೆ
ನಮ್ಮ ಕಾಲ ಕೆಳಗೆ ಎಷ್ಟೋ ಅಡಿ ಆಳದಲ್ಲಿ.

ತಡಿ, ನಿನ್ನದೂ ಒಂದು ವಿಡಿಯೊ ಮಾಡೋಣ, ಅಂದೆ.
"ಬ್ಯಾಡ್ರಿ. ಇನ್ನೂ ಭಾಳ ಅದಾವ."

ರಾತ್ರಿ ಮನೆಯಲ್ಲಿ ನೋಡುತ್ತೇನೆ:
ಬೋರಲು ಮಲಗಿಸಿದ ಫೋನು ನಿಂತೇ ಇರಲಿಲ್ಲ.
ಆರು ನಿಮಿಷ ಬರೀ ಚಾವಣಿ,
ತಿರುಗದ ಫ್ಯಾನು, ರೆಕ್ಕೆಗೆ ಸಿಕ್ಕಿದ ಗಾಳಿಪಟದ ಬಾಲ.
ದನಿ ಮಾತ್ರ, ಚೌಕಟ್ಟಿನ ಹೊರಗಿಂದ:
ಬಗೆಹರಿಸು. ಬಗ್ಗಡ. ಬಗ್ಗು.
ಆಮೇಲೆ ಸೈರನ್ನು.
ಅದು ಮುಗಿಯುವ ತನಕ ಕಾದು
ಮತ್ತೆ, ಬಗ್ಗು.