ನಂಬಿಕೆಗೋ ನಾಚಿಕೆಗೋ

ಥಾಣೆಯಲ್ಲಿ ಹತ್ತಿದವನಿಗೆ ಘಾಟ್ಕೋಪರ್ ಬರುವಷ್ಟರಲ್ಲಿ
ಇಡೀ ಬೋಗಿಯೇ ನೆಂಟರು.
"ಇವತ್ತೇ ಹಿಡೀರಿ. ಸೋಮವಾರ ಸಿಗಲ್ಲ.
ಮಾಲೀಕನ ಭಾವಮೈದುನನೇ ಹೇಳಿದ್ದು."
ನೇತಾಡುವ ಹಿಡಿಕೆಗಳೂ ತಲೆದೂಗಿದವು.
ನೀನೆಷ್ಟಕ್ಕೆ ಕೊಂಡೆ, ಯಾವತ್ತು ಮಾರುತ್ತೀ,
ಕೇಳಿದವರಿಲ್ಲ;
ಕೇಳೋಣವೆನ್ನುವಷ್ಟರಲ್ಲಿ ದಾದರ್.

ಫೋರ್ಟಿನ ಆಫೀಸಿನಲ್ಲಿ ಕೇರ್ಸಾಸ್ಪ್,
ಮೂವತ್ತು ವರ್ಷ ಷೇರುಪತ್ರಗಳಿಗೆ ಮೊಹರು ಒತ್ತಿದ ಕೈ,
ಡಬ್ಬಿ ಬಿಚ್ಚುತ್ತಾ ಅಂದಿದ್ದರು:
"ನೂರಾ ನಲವತ್ತಕ್ಕೆ ಕೊಂಡೆ. ಈಗ ಅರವತ್ತು.
ಬಾಯ್ಲರು ಚೆನ್ನಾಗಿ ಮಾಡುತ್ತಾರೆ, ಸಾಲ ಜಾಸ್ತಿ.
ಏರಬಹುದು. ಗೊತ್ತಿಲ್ಲ.
ಮಾರದೆ ಇಟ್ಟದ್ದು ನಂಬಿಕೆಗೋ ನಾಚಿಕೆಗೋ
ಅದೂ ಗೊತ್ತಿಲ್ಲ."

ಒಂದೇ ಉಸಿರಿಗೆ ಎರಡು ಸಲ ಗೊತ್ತಿಲ್ಲ ಅಂದವರ ಮಾತು
ಯಾರು ಕೇಳುತ್ತಾರೆ?
ನಾನು ಥಾಣೆಯವನ ಮಾತು ಕೇಳಿದೆ.

ಈಗ ಅವನು ನಿಲ್ಲುತ್ತಿದ್ದ ಬಾಗಿಲಲ್ಲಿ
ಬೇರೆ ಯಾರದೋ ಬೆನ್ನು.
ನನ್ನ ಫೋನಿನಲ್ಲಿ ಕೆಂಪು,
ಮಾರಹೊರಟರೆ ಕೊಳ್ಳುವವರಿಲ್ಲದ ಕೆಂಪು.

ಎಷ್ಟು ಹೋಯಿತೆಂದು ಕೇರ್ಸಾಸ್ಪ್ ಕೇಳಲಿಲ್ಲ.
ಬೇಯಿಸಿದ ಮೊಟ್ಟೆಯನ್ನು ದಾರದಲ್ಲಿ ಸೀಳಿ
ದೊಡ್ಡ ಪಾಲು ನನ್ನ ಮುಚ್ಚಳಕ್ಕಿಟ್ಟರು.
"ಅರವತ್ತೆರಡಾಗಿದೆ," ಅಂದರು.
ಕೊಂಡುಕೋ ಅನ್ನಲಿಲ್ಲ.