ಹತ್ತು ಸಾವಿರ ಅಡಿಯಲ್ಲಿ ಸೀಟು

ಮಾರಿಕುಪ್ಪಂ ರೈಲಿನಲ್ಲಿ ಹನ್ನೊಂದು ವರ್ಷ
ನಿಂತೇ ಹೋದವಳು ನಾನು.
ಎಷ್ಟು ಬೇಗ ಹತ್ತಿದರೂ ಸೀಟಿನ ಮೇಲೊಂದು ಕರವಸ್ತ್ರ,
ಕರವಸ್ತ್ರದ ಮೇಲೆ ಹಕ್ಕು,
ಹಕ್ಕಿನ ಮೇಲೆ ಜಗಳ.
ಆಸ್ಪತ್ರೆಯ ಲ್ಯಾಬಿನಲ್ಲೂ ನಿಂತೇ ಸೂಜಿ, ನಿಂತೇ ರಕ್ತ.

ಇಂಥವಳಿಗೆ ಮುನಿಕೃಷ್ಣ ಸಾರ್ ಹೇಳುತ್ತಾರೆ:
"ಬೀಳೋದು ಬಂತು ನಿನಗೆ, ಪ್ರಿಸಿಲ್ಲಾ.
ಇನ್ನು ಕೂರೋದು ಕಲಿ."

ಹಳೇ ಏರ್‌ಸ್ಟ್ರಿಪ್ಪಿನ ಅಂಚಿಗೆ, ತಗಡಿನ ಶೆಡ್ಡಿನ ನೆರಳಿಗೆ
ಒಂದು ನೀಲಿ ಪ್ಲಾಸ್ಟಿಕ್ ಸ್ಟೂಲು.
ಮಂಡಿ ಮಡಿಸು. ಪಾದ ಭುಜದಷ್ಟು ಅಗಲ. ಬೆನ್ನು ನೇರ.
ಎರಡೂ ಪಕ್ಕ ಮೋಟುಗೋಡೆ ಇದೆ ಅಂದುಕೋ,
ಅದರ ಮೇಲೆ ತೋಳು ಚಾಚು.
ಆಮೇಲೆ ಸ್ಟೂಲನ್ನು ಕಾಲಿಂದ ಆಚೆ ಒದ್ದರು.
"ಈಗ?"
ತೊಡೆ ನಡುಗಿತು. ಎಣಿಸಿದೆ. ಇಪ್ಪತ್ತೇಳಕ್ಕೆ ಕುಸಿದೆ.
"ಮೇಲೆ ಗಾಳೀನೇ ಸ್ಟೂಲು.
ಅದಕ್ಕೆ ಕಾಲಿಲ್ಲ. ನಿನ್ನವೆರಡೇ."

ಇದುವರೆಗೆ ಬೋರಲಾಗಿ ಬಿದ್ದೆ.
ಬಾಣಂತಿಮನೆಯ ಮುದುಕಿ ಎಣ್ಣೆನೀರಿಗೆ
ಕೂಸನ್ನು ಮುಂಗೈ ಮೇಲೆ ಕವುಚಿಕೊಂಡ ಹಾಗೆ
ಹಿಡಿದುಕೊಳ್ಳುತ್ತಿತ್ತು ಗಾಳಿ.
ಕೂತರೆ ಹಿಡಿಯುವುದಿಲ್ಲ. ದಾರಿ ಬಿಡುತ್ತದೆ.
ಹೆಲ್ಮೆಟ್ಟಿನ ಅಂಚಿನಲ್ಲಿ ಶಿಳ್ಳೆ ಏರುತ್ತದೆ, ವೇಗ ಏರುತ್ತದೆ,
ಚೂರು ತಪ್ಪಿದೆಯೋ, ನೀರಲ್ಲಿ ಅದುಮಿಟ್ಟ ಬೆಂಡಿನಂತೆ ಚಿಮ್ಮಿ
ಮೇಲಿಂದ ಬರುತ್ತಿರುವವನ ಎದೆಗೆ ಅಪ್ಪಳಿಸುತ್ತೀಯ.
ಅದಕ್ಕೇ ಮೊದಲ ಎಂಟು ಜಿಗಿತ ಒಬ್ಬಳೇ.

ಒಂದನೇದು: ಮಗುಚಿದ ಜಿರಳೆ.
ಎರಡನೇದೂ ಅದೇ.
ಮೂರರಲ್ಲಿ ಕೂತೆ ಅಂದುಕೊಂಡೆ;
ವಿಡಿಯೋ ಇಲ್ಲದ್ದರಿಂದ ಇನ್ನೂ ಅಂದುಕೊಂಡಿದ್ದೇನೆ.
ನಾಲ್ಕರಲ್ಲಿ ಹಿಂದುಹಿಂದಕ್ಕೆ ಜಾರಿದೆ, ಬೇತಮಂಗಲದ ಕೆರೆ ಕಡೆಗೆ.
ಐದರ ಮಾತು ಬೇಡ.

ಇನ್ನಾಸಿ ತಾತ ಇದೇ ಊರಲ್ಲಿ
ಸುಮಾರು ಇಷ್ಟೇ ಅಡಿ ಇಳಿಯುತ್ತಿದ್ದ, ನೆಲದ ಒಳಕ್ಕೆ.
ಕಬ್ಬಿಣದ ಕೇಜು, ಮೈಗೆ ಮೈ, ಬೆವರಿಗೆ ಬೆವರು.
ಅವನ ಶಾಫ್ಟಿನಲ್ಲಿ ಈಗ ನೀರು ನಿಂತಿದೆ.
ಹೋಲಿಸಲು ಹೋದರೆ ಪಾಟಿ ಗದರುತ್ತಾಳೆ:
"ಅವರಿಗೆ ಹಗ್ಗ ಇತ್ತು. ಸಂಬಳ ಇತ್ತು.
ನೀನು ಕಾಸು ಕೊಟ್ಟು ಬೀಳ್ತೀಯ."
ಸರಿ ಪಾಟಿ, ಹೋಲಿಸಲ್ಲ.
ಒಂದೇ ಒಂದು ಕೇಳಬೇಕಿತ್ತು ತಾತನನ್ನ:
ಕೇಜು ಕಳಚಿ ಹೊರಟ ಆ ಮೊದಲ ಕ್ಷಣ
ಹೊಟ್ಟೆಯನ್ನು ಎಲ್ಲಿಟ್ಟುಕೊಳ್ಳುತ್ತಿದ್ದೆ?

ಆರನೇದು.
ಬಾಗಿಲು ಸರಿಯಿತು. ಜನವರಿಯ ಗಾಳಿ ಹಲ್ಲಿಗೆ ತಾಗಿತು.
ಕೆಳಗೆ ಸೈನೈಡ್ ದಿಬ್ಬಗಳು
ಯಾರೋ ಮಡಚದೆ ಎದ್ದು ಹೋದ ಹಾಸಿಗೆಗಳು.
ನೆಲ ನೋಡಬೇಡ, ಅಂಚು ನೋಡು, ಅಂದಿದ್ದರು ಸಾರ್.
ಅಂಚಿನಲ್ಲಿ ಕೋಲಾರದ ಬೆಟ್ಟದ ಸಾಲು.
ಉಸಿರು ಬಿಟ್ಟೆ.
ಇಲ್ಲದ ನೆಲಕ್ಕೆ ಹಿಮ್ಮಡಿ ಊರಿದೆ,

ಕೂತೆ.

ಯಾರ ಕರವಸ್ತ್ರವೂ ಇರಲಿಲ್ಲ ಅಲ್ಲಿ.
ಸ್ವಲ್ಪ ಜರುಗಮ್ಮಾ ಎಂದು ಯಾರ ಮೊಣಕೈಯೂ ತಿವಿಯಲಿಲ್ಲ.
ಕೆನ್ನೆ ಕನ್ನಡಕಕ್ಕೆ ಏರಿತು, ತೋಳು ತಾನೇ ತೂಗಿತು.
ನಾಲ್ಕು ಸೆಕೆಂಡು. ಐದಿರಬಹುದು.
ನಕ್ಕುಬಿಟ್ಟೆ.
ನಗುವಿಗೆ ಗದ್ದ ಎದ್ದಿತು, ಗದ್ದದ ಹಿಂದೆ ಎದೆ,
ಎದೆಯ ಹಿಂದೆ ಇಡೀ ಆಕಾಶ ಮಗುಚಿಕೊಂಡಿತು.
ಕಿವಿಯಲ್ಲಿ ಮೀಟರು ಕೂಗಿತು.
ಬೋರಲಾದೆ, ಎಳೆದೆ.

ಇಳಿದದ್ದು ಸ್ಟ್ರಿಪ್ಪಿನಲ್ಲಲ್ಲ,
ಮೈನ್ಸ್ ಲೈನಿನ ಹಿಂದಿನ ಬೂದು ಬಯಲಲ್ಲಿ.
ಮಕ್ಕಳು ಆಟ ಬಿಟ್ಟು ಓಡಿ ಬಂದರು.
ವಿಕೆಟ್ಟಿನ ಇಟ್ಟಿಗೆ ಹಿಡಿದುಕೊಂಡೇ ಬಂದವನೊಬ್ಬ:
"ಅಕ್ಕಾ, ಮೇಲಿಂದ ನಮ್ಮನೆ ಕಾಣ್ತಾ?"

ನೋಡಿರಲಿಲ್ಲ. ನೆಲ ನೋಡಬಾರದಲ್ಲ.

"ಕಾಣ್ತು," ಅಂದೆ. "ತಗಡಿನ ಮೇಲೆ
ಕೆಂಪು ಲುಂಗಿ ಒಣಗ್ತಿತ್ತು."

ಅವನು ಲೈನಿನ ಕಡೆ ತಿರುಗಿ, ಕಣ್ಣು ಕಿರಿದು ಮಾಡಿ,
"ಅದು ಪಕ್ಕದ್ಮನೇದು," ಅಂದ.